299 ರೂಪಾಯಿಯ ಕುರ್ತಿ ಮತ್ತು ಮಚಲಿಪಟ್ಟಣದ ಚೀಟಿ



ವಿಜಯವಾಡದಿಂದ ಹೈದರಾಬಾದ್ ಕಡೆಗೆ ಹೊರಟರೆ ಗೊಲ್ಲಪೂಡಿ ದಾಟುತ್ತಿದ್ದಂತೆ ಸಿಗುವುದು ಇಬ್ರಾಹಿಂಪಟ್ನಂ. ಥರ್ಮಲ್ ಸ್ಟೇಷನ್ನಿನ ಚಿಮಣಿಗಳು, ಕೃಷ್ಣೆಯ ಫೆರ್ರಿ ಘಾಟ್, ಪಕ್ಕದಲ್ಲೇ ಬೊಂಬೆಗಳ ಕೊಂಡಪಲ್ಲಿ. ನಮ್ಮಲ್ಲಿ ಬೀದರ್ ಕಡೆಯವರಿಗೆ ಈ ರಸ್ತೆ ಚೆನ್ನಾಗಿ ಗೊತ್ತು. ಹಳಬರ ಬಾಯಲ್ಲಿ ಇಂದಿಗೂ ಎನ್.ಎಚ್. 9, ಈಗಿನ ಲೆಕ್ಕದಲ್ಲಿ 65. ಪುಣೆಯಿಂದ ಹೊರಟು, ನಮ್ಮ ಹುಮನಾಬಾದಿನ ಮೇಲೆ ಹಾದು, ಹೈದರಾಬಾದ್ ಮುಟ್ಟಿ, ಇಬ್ರಾಹಿಂಪಟ್ನಂ ದಾಟಿ, ಮಚಲಿಪಟ್ಟಣದ ಸಮುದ್ರದ ಹತ್ತಿರ ಮುಗಿಯುತ್ತದೆ.

ರಾತ್ರಿ ಹೊತ್ತು ಈ ರಸ್ತೆಯಲ್ಲಿ ಓಡುವ ಕಂಟೇನರ್ ಲಾರಿಗಳಲ್ಲಿ ಎಷ್ಟೋ ನಿಮ್ಮ ಮನೆ ಬಾಗಿಲಿಗೆ ಬರುವ ಪಾರ್ಸಲ್ಲುಗಳನ್ನೇ ಹೊತ್ತಿರುತ್ತವೆ. 299 ರೂಪಾಯಿಯ ಕುರ್ತಿ, ಮೂರಕ್ಕೆ 500ರ ಟೀ ಶರ್ಟು, 'ಕಲಂಕಾರಿ ಪ್ರಿಂಟ್' ಎಂದು ಬರೆದ, ಮುಟ್ಟಿದರೆ ಜಾರುವ ದುಪಟ್ಟಾ. ಸುಮಾರು 400 ವರ್ಷಗಳ ಹಿಂದೆ ಈ ಸೀಮೆಯಲ್ಲಿ ಬಟ್ಟೆಯ ಪ್ರಯಾಣ ಹೊರಮುಖವಾಗಿತ್ತು. ಗೋಲ್ಕೊಂಡದ ಕುತುಬ್ ಶಾಹಿಗಳ ದೊಡ್ಡ ಬಂದರು ಮಚಲಿಪಟ್ಟಣ. 1652ರಲ್ಲಿ ಅಲ್ಲಿ ಬಂದಿಳಿದ ಫ್ರೆಂಚ್ ವ್ಯಾಪಾರಿ ಟಾವೆರ್ನಿಯೆ ಬೆಜವಾಡದ ಮೇಲೆಯೇ ಒಳನಾಡಿಗೆ ಹೋದ. ಅವನಿಗೆ ಬೇಕಾಗಿದ್ದದ್ದು ವಜ್ರ. ಮಿಕ್ಕವರಿಗೆಲ್ಲ ಬೇಕಾಗಿದ್ದದ್ದು ಬಟ್ಟೆ.

ಅಜ್ಜಿಯ ಬಾಯಲ್ಲಿ 'ಚೀಟಿ ಲಂಗ', 'ಚೀಟಿ ಬಟ್ಟೆ' ಎಂಬ ಮಾತು ಕೇಳಿದ್ದೀರಾ? ಹೂಬಳ್ಳಿ ಅಚ್ಚು ಹಾಕಿದ ಹತ್ತಿ ಬಟ್ಟೆಗೆ ಕನ್ನಡದಲ್ಲಿ ಇದ್ದ ಹೆಸರು ಅದು. ತೆಲುಗಿನಲ್ಲೂ ಚೀಟಿಯೇ. ಹಿಂದಿಯವರ 'ಛೀಂಟ್' ಇಂಗ್ಲಿಷರ ಬಾಯಲ್ಲಿ 'ಚಿಂಟ್ಸ್' ಆಯಿತು. ಆ ಚೀಟಿಗಾಗಿ 1605ರಲ್ಲಿ ಡಚ್ಚರು, 1611ರಲ್ಲಿ ಇಂಗ್ಲಿಷರು, 1669ರಲ್ಲಿ ಫ್ರೆಂಚರು ಮಚಲಿಪಟ್ಟಣದಲ್ಲಿ ಕೋಠಿ ತೆರೆದರು. ಪರ್ಷಿಯಾ, ಸಯಾಂ, ಜಾವಾಗಳಿಗೆ ಈ ಬಟ್ಟೆ ಅದಕ್ಕೂ ಮೊದಲಿನಿಂದ ಹೋಗುತ್ತಲೇ ಇತ್ತು. ಯುರೋಪಿಗೆ ಅದು ಹೊಸದು.

ಹೊಸದೇನಿತ್ತು ಎಂದರೆ ಬಣ್ಣ. ಉಣ್ಣೆ, ನಾರುಮಡಿ ಉಡುತ್ತಿದ್ದ ಯುರೋಪಿನವರು ತೊಳೆದರೂ ಬಿಡದ ಬಣ್ಣದ ಹತ್ತಿ ಬಟ್ಟೆಯನ್ನು ಕಂಡಿರಲಿಲ್ಲ. ಆ ಕೆಲಸದ ಗುಟ್ಟು ಕೃಷ್ಣೆಯ ಮುಖಜ ಭೂಮಿಯಲ್ಲೇ ಇತ್ತು. ಬಟ್ಟೆಯನ್ನು ಸೆಗಣಿ ನೀರಿನಲ್ಲಿ ನೆನೆಸಿ, ಬಿಸಿಲಿಗೆ ಹಾಕಿ ಬಿಳುಪು ಮಾಡುವುದು. ಅಳಲೆಕಾಯಿ ಮತ್ತು ಎಮ್ಮೆ ಹಾಲಿನಲ್ಲಿ ಅದ್ದುವುದು. ತುಕ್ಕು ಕಬ್ಬಿಣ ಮತ್ತು ಬೆಲ್ಲವನ್ನು ನೀರಿನಲ್ಲಿ ದಿನಗಟ್ಟಲೆ ಕೊಳೆಸಿ ಕಪ್ಪು ತೆಗೆಯುವುದು. ಕೆಂಪು ಬೇಕಾದ ಕಡೆ ಪಟಕದ ನೀರಿನಿಂದ ಅಚ್ಚು ಒತ್ತುವುದು. ಆಮೇಲೆ ಹರಿಯುವ ನೀರಿನಲ್ಲಿ ಜಾಲಿಸಿ, ಬೇರಿನ ಕಷಾಯದಲ್ಲಿ ಕುದಿಸಿದರೆ ಪಟಕ ತಾಗಿದಲ್ಲಿ ಮಾತ್ರ ಕೆಂಪು ಹಿಡಿಯುತ್ತದೆ. ಕೆಂಪು ಕೊಡುವ ಆ ಬೇರನ್ನು ಯುರೋಪಿನವರು 'ಚೇ' ಬೇರು ಎಂದು ಬರೆದಿಟ್ಟಿದ್ದಾರೆ. ಇಂದಿನ ನಿಜಾಂಪಟ್ಟಣದ ಸುತ್ತಿನ, ಚಿಪ್ಪು ಬೆರೆತ ಮರಳು ಭೂಮಿಯಲ್ಲಿ ಬೆಳೆದ ಬೇರಿಗೆ ಎಲ್ಲಕ್ಕಿಂತ ಹೆಚ್ಚು ಹೆಸರು. ಒಂದು ತಾನು ಬಟ್ಟೆ ಮುಗಿಯಲು ವಾರಗಳೇ ಬೇಕು. ಇಷ್ಟಾದರೂ ಲಂಡನ್ನಿನಲ್ಲಿ ಅದು ರೇಷ್ಮೆಗಿಂತ ಅಗ್ಗ! ಕಾರಣ ಸರಳ: ಇಲ್ಲಿನ ನೇಕಾರ, ಅಚ್ಚಿನವ, ಅಗಸ, ಇವರ ಕೂಲಿ ಅಗ್ಗ.

ಅಗ್ಗದ ಫ್ಯಾಷನ್ ಎಂಬ ಜಗಳ ಆಗಲೇ ಶುರುವಾಯಿತು ಎಂದು ನನ್ನ ಅಭಿಪ್ರಾಯ. 1680ರ ದಶಕದಲ್ಲಿ ಇಂಗ್ಲಿಷ್ ಕಂಪನಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ತುಂಡು ಬಟ್ಟೆ ಹೊತ್ತೊಯ್ದ ವರ್ಷಗಳಿವೆ. ಮೊದಲು ಪರದೆ, ಹಾಸಿಗೆಗೆ ಬಳಸಿದರು, ಆಮೇಲೆ ಮೈಮೇಲೆ ಹಾಕಿಕೊಂಡರು. ಮನೆಯೊಡತಿ ಉಟ್ಟದ್ದನ್ನೇ ಕೆಲಸದವಳೂ ಉಡುವಂತಾಯಿತು, ಅದೇ ದೊಡ್ಡ ದೂರು! ಫ್ರಾನ್ಸ್ 1686ರಲ್ಲಿ ಅಚ್ಚಿನ ಹತ್ತಿ ಬಟ್ಟೆಯನ್ನು ನಿಷೇಧಿಸಿತು, 1759ರವರೆಗೆ ಬಿಡಲಿಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟು 1700ರಲ್ಲಿ ಕಾನೂನು ಮಾಡಿತು, ಆದರೆ ಅದರಲ್ಲೊಂದು ಕಂಡಿ ಇತ್ತು. ಬಿಳಿ ಬಟ್ಟೆ ತರಿಸಿಕೊಂಡು ಲಂಡನ್ನಿನಲ್ಲೇ ಅಚ್ಚು ಹಾಕತೊಡಗಿದರು. 1719ರಲ್ಲಿ ಸ್ಪಿಟಲ್‌ಫೀಲ್ಡ್ಸ್‌ನ ರೇಷ್ಮೆ ನೇಕಾರರು ಬೀದಿಗಿಳಿದು ಚೀಟಿ ಬಟ್ಟೆ ತೊಟ್ಟ ಹೆಂಗಸರ ಮೈಮೇಲಿನ ಬಟ್ಟೆ ಹರಿದರು, ಶಾಯಿ ಎರಚಿದರು, ಆಸಿಡ್ ಕೂಡ ಎರಚಿದರು. ಅದೇ ವರ್ಷ 'ರಾಬಿನ್ಸನ್ ಕ್ರೂಸೋ' ಬರೆದ ಡೇನಿಯಲ್ ಡೀಫೋ ನೇಕಾರರ ಪರವಾಗಿ ಪತ್ರಿಕೆಯಲ್ಲಿ ಬರೆಯುತ್ತಿದ್ದ. 1721ರಲ್ಲಿ ಬಂದ ಕಾನೂನು ಅಚ್ಚಿನ ಹತ್ತಿ ಬಟ್ಟೆ ಉಡುವುದನ್ನೇ ಅಪರಾಧ ಮಾಡಿತು. ಉಟ್ಟವರಿಗೆ 5 ಪೌಂಡ್ ದಂಡ.

ಗಮನಿಸಿ, ಅಲ್ಲಿ ಬೈಗುಳ ತಿಂದವಳು ಬಟ್ಟೆ ಕೊಂಡ ಹೆಣ್ಣು. ಲಾಭ ಮಾಡಿದ ಕಂಪನಿಯ ಷೇರುದಾರನ ಕೋಟಿಗೆ ಯಾರೂ ಶಾಯಿ ಎರಚಲಿಲ್ಲ.

ಆ ಅಗ್ಗದ ಬೆಲೆಯನ್ನು ಬೇರೆ ಯಾರೋ ತೆತ್ತರು. ಕೋರಮಂಡಲ ಕರಾವಳಿಯ ಬಟ್ಟೆಯಲ್ಲಿ ಒಂದು ಪಾಲು ಯುರೋಪಿನಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿತ್ತು, ಅಲ್ಲಿ ಅದರ ಬದಲಿಗೆ ಮನುಷ್ಯರನ್ನೇ ಗುಲಾಮರಾಗಿ ಕೊಳ್ಳುತ್ತಿದ್ದರು. ನೇಯ್ದವನಿಗೆ ಇದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಅವನ ಕಷ್ಟ ಅವನಿಗೆ. ಕಂಪನಿ ಮುಂಗಡ ಕೊಡುತ್ತದೆ, ಮುಂಗಡ ತಿಂದವನು ಬೇರೆಯವರಿಗೆ ನೇಯುವಂತಿಲ್ಲ, ಬಟ್ಟೆಯ ದರ್ಜೆ ನಿಶ್ಚಯಿಸುವವನು ಕಂಪನಿಯ ಗುಮಾಸ್ತ. 1798ರ ಹೊತ್ತಿಗೆ ಗೋದಾವರಿ ಸೀಮೆಯ ನೇಕಾರರು ಇದರ ವಿರುದ್ಧ ಗುಂಪುಗೂಡಿ ದನಿ ಎತ್ತಿದರು. ಅಲ್ಲಿ ನರಸಾಪುರದ ಹತ್ತಿರ ಮಾಧವಾಯಪಾಲೆಂ ಎಂಬ ಊರು. ಇಂಗ್ಲಿಷರು ಅದನ್ನು 'ಮದಪೋಲಂ' ಎಂದರು, ಅಲ್ಲಿನ ಬಟ್ಟೆಗೂ ಅದೇ ಹೆಸರಾಯಿತು. ಮುಂದೆ ಲಂಕಾಷೈರಿನ ಗಿರಣಿಗಳು ತಮ್ಮ ಬಟ್ಟೆಗೂ ಮದಪೋಲಂ ಎಂದು ಹೆಸರಿಟ್ಟು ಮಾರಿದವು. ಊರಿನ ಹೆಸರನ್ನೂ ನಕಲು ಮಾಡಿದರಲ್ಲ!

ಮಚಲಿಪಟ್ಟಣದ ಕಥೆ ಇನ್ನೂ ದುಃಖದ್ದು. ಗಿರಣಿ ಬಟ್ಟೆ ಬಂದು ಕೈಕೆಲಸ ಕುಸಿದಿತ್ತು. ಅದರ ಮೇಲೆ 1864ರ ನವೆಂಬರ್ 1ರ ರಾತ್ರಿ ಚಂಡಮಾರುತ ಬಂದು ಸಮುದ್ರ ಊರೊಳಗೆ ನುಗ್ಗಿತು, ಸುಮಾರು 30,000 ಜನ ಸತ್ತರು. ಬಂದರು ಮತ್ತೆ ಮೊದಲಿನಂತಾಗಲಿಲ್ಲ. ಕಲಂಕಾರಿಯ ಕೈಕೆಲಸ ಪೂರ್ತಿ ಅಳಿಯದೆ ಉಳಿದುದರಲ್ಲಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಪಾಲು ದೊಡ್ಡದು. 1952ರಲ್ಲಿ ಆರಂಭವಾದ ಅಖಿಲ ಭಾರತ ಕರಕುಶಲ ಮಂಡಳಿಯ ಮುಖ್ಯಸ್ಥೆಯಾಗಿ ಅವರು ಶ್ರೀಕಾಳಹಸ್ತಿಯ ಲೇಖನಿಯ ಕಲಂಕಾರಿಯನ್ನೂ ಈ ಭಾಗದ ಅಚ್ಚಿನ ಕಲಂಕಾರಿಯನ್ನೂ ಎತ್ತಿ ನಿಲ್ಲಿಸಿದರು. ಇವತ್ತು ಎರಡಕ್ಕೂ ಭೌಗೋಳಿಕ ಸೂಚ್ಯಂಕದ ಮುದ್ರೆ ಇದೆ. ಅಚ್ಚಿನ ಕೆಲಸ ಈಗ ಹೆಚ್ಚಾಗಿ ನಡೆಯುವುದು ಮಚಲಿಪಟ್ಟಣಕ್ಕೆ ಕೂಗಳತೆಯ ಪೆಡನದಲ್ಲಿ.

ಇನ್ನು ನಮ್ಮ ಕಾಲಕ್ಕೆ ಬರೋಣ. ಮೊಬೈಲಿನಲ್ಲಿ ಬಟ್ಟೆ ಕೊಳ್ಳುವ ಅಭ್ಯಾಸ ಹಿಡಿಸಿದ ಊರು ಬೆಂಗಳೂರೇ ಎನ್ನಬೇಕು. ಮಿಂತ್ರಾ ಅಲ್ಲಿ ಹುಟ್ಟಿದ್ದು 2007ರಲ್ಲಿ, ಮೀಶೋ 2015ರಲ್ಲಿ. ನಡುವೆ 2010ರಲ್ಲಿ ಫ್ಲಿಪ್‌ಕಾರ್ಟ್ 'ವಸ್ತು ಬಂದ ಮೇಲೆ ದುಡ್ಡು ಕೊಡಿ' ಎನ್ನುವ ಕ್ಯಾಶ್ ಆನ್ ಡೆಲಿವರಿ ತಂದಿತು, ಕಾರ್ಡ್ ಇಲ್ಲದವರಿಗೂ ದಾರಿ ತೆರೆಯಿತು. ಚೀನಾ ಮೂಲದ ಶೀಇನ್ 2020ರ ಜೂನ್‌ನಲ್ಲಿ ಇತರ ಆ್ಯಪ್‌ಗಳ ಜೊತೆ ನಿಷೇಧವಾಗಿ, 2025ರ ಫೆಬ್ರವರಿಯಲ್ಲಿ ರಿಲಯನ್ಸ್ ಮೂಲಕ ಮತ್ತೆ ಬಂತು. ಲೋಕದಲ್ಲಿ 2000ನೇ ಇಸವಿಯಲ್ಲಿ ವರ್ಷಕ್ಕೆ ಸುಮಾರು 5.8 ಕೋಟಿ ಟನ್ ನೂಲಿನ ನಾರು ತಯಾರಾಗುತ್ತಿತ್ತು. 2023ರಲ್ಲಿ ಅದು 12.4 ಕೋಟಿ ಟನ್. ಮನುಷ್ಯರು ಎರಡರಷ್ಟಾಗಲಿಲ್ಲ, ಬಟ್ಟೆ ಎರಡರಷ್ಟಾಯಿತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿಯೆಸ್ಟರ್, ಅಂದರೆ ಕಚ್ಚಾ ತೈಲದಿಂದ ಎಳೆದ ದಾರ. ಒಗೆದಾಗಲೆಲ್ಲ ಅದರಿಂದ ಕಣ್ಣಿಗೆ ಕಾಣದ ಎಳೆಗಳು ಉದುರಿ ಚರಂಡಿಗೆ, ಅಲ್ಲಿಂದ ನದಿಗೆ ಸೇರುತ್ತವೆ. ಹತ್ತಿಯಾದರೆ ನೀರಿನ ಲೆಕ್ಕ. ಒಂದೇ ಒಂದು ಟೀ ಶರ್ಟಿನ ಹತ್ತಿ ಬೆಳೆದು ಬಟ್ಟೆಯಾಗಲು ಜಗತ್ತಿನ ಸರಾಸರಿಯಲ್ಲಿ 2,500 ಲೀಟರಿನಷ್ಟು ನೀರು ಬೇಕು ಎಂಬುದು ಈ ಕ್ಷೇತ್ರದವರು ಒಪ್ಪಿದ ಅಂದಾಜು.

ಕೃಷ್ಣೆಯನ್ನೇ ನೋಡಿ. ನರಸೋಬವಾಡಿಗೆ ದತ್ತನ ದರ್ಶನಕ್ಕೆ ಹೋದವರು ನಮ್ಮಲ್ಲಿ ಅನೇಕರಿದ್ದಾರೆ. ಅಲ್ಲಿ ಕೃಷ್ಣೆಗೆ ಸೇರುವ ಪಂಚಗಂಗೆ ಇಚಲಕರಂಜಿಯ ಪವರ್‌ಲೂಮ್, ಬಣ್ಣ ಹಾಕುವ ಕಾರ್ಖಾನೆಗಳ ಕೊಳೆಯಿಂದ ಎಷ್ಟೋ ವರ್ಷಗಳಿಂದ ನರಳುತ್ತಿದೆ. ಸಂಗಮದಿಂದ ಕೆಳಗೆ ಆ ನದಿ ಬೆಳಗಾವಿ ಜಿಲ್ಲೆಗೆ ಇಳಿಯುತ್ತದೆ. ಇಬ್ರಾಹಿಂಪಟ್ನಂಗೆ ಬರುವ ಹೊತ್ತಿಗೆ ಅಣೆಕಟ್ಟುಗಳೆಷ್ಟೋ ಕಳೆದಿರುತ್ತವೆ, ಬಣ್ಣ ಇಲ್ಲಿಗೆ ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಬಣ್ಣವನ್ನು ಕುಡಿದವರು ಮೇಲಿನವರು. ತಿರುಪ್ಪೂರಿನ ನೊಯ್ಯಲ್ ನದಿಯ ವಿಷಯದಲ್ಲಿ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿಯೇಬಿಟ್ಟಿತು, ಕೊಳೆ ನೀರು ಒಂದು ತೊಟ್ಟೂ ಹೊರಗೆ ಬಿಡಬಾರದು ಎಂದಿತು. ಬಿಗಿಯಾದ ತೀರ್ಪು. ಸಾವಿರಾರು ಜನರ ಕೆಲಸ ನಿಂತದ್ದೂ ನಿಜ, ಆದರೆ ನದಿ ಹಾಳಾಗುವವರೆಗೆ ಯಾರೂ ಕೇಳದಿದ್ದುದರ ಫಲ ಅದು.

ಹೊಲಿಯುವವರ ಮಾತು ಬೇರೆ. ವಿಶಾಖಪಟ್ಟಣದ ಕೇಳುಗರಿಗೆ ಅಚ್ಯುತಾಪುರಂ ಗೊತ್ತಿರಲೇಬೇಕು. ಶ್ರೀಲಂಕಾದ ಬ್ರಾಂಡಿಕ್ಸ್ ಕಂಪನಿ ಅಲ್ಲಿ ಸುಮಾರು 1,000 ಎಕರೆಯಲ್ಲಿ ಉಡುಪಿನ ನಗರವನ್ನೇ ಕಟ್ಟಿದೆ. ಬೆಳಗಿನ ಜಾವ ಸುತ್ತಲ ಹಳ್ಳಿಗಳಿಂದ ಬಸ್ಸುಗಳಲ್ಲಿ ಬರುವವರು ಹೆಚ್ಚಿನಂಶ ಹೆಣ್ಣುಮಕ್ಕಳು. 2022ರ ಜೂನ್‌ನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಇನ್ನೊಮ್ಮೆ ಆ ಆವರಣದ ಒಂದು ಘಟಕದಲ್ಲಿ ವಿಷಾನಿಲ ಸೇರಿ ಕೆಲಸದಲ್ಲಿದ್ದ ಹೆಂಗಸರು ವಾಂತಿ, ತಲೆಸುತ್ತಿನಿಂದ ಕುಸಿದರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಮೊದಲನೆಯದಾದ ಮೇಲೂ ಎರಡನೆಯದು ಆದದ್ದನ್ನು ನೆನೆದರೆ ಇಂದಿಗೂ ಸಿಟ್ಟು ಬರುತ್ತದೆ. ಢಾಕಾದ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತದ್ದು 2013ರ ಏಪ್ರಿಲ್ 24ರಂದು. ಹಿಂದಿನ ದಿನವೇ ಗೋಡೆಯಲ್ಲಿ ಬಿರುಕು ಕಂಡಿತ್ತು, ಆರ್ಡರ್ ಮುಗಿಸಬೇಕೆಂದು ಒಳಗೆ ಕಳಿಸಿದರು.

ನಮ್ಮ ಕರ್ನಾಟಕದಲ್ಲಿ ಈ ಹೆಣ್ಣುಮಕ್ಕಳು ಸುಮ್ಮನೆ ಕೂತವರಲ್ಲ. 2016ರ ಏಪ್ರಿಲ್ 18, 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಲ್ಲಿ ಗಾರ್ಮೆಂಟ್ಸ್ ಕೆಲಸಗಾರರು ಸಾವಿರಗಟ್ಟಲೆ ಬಂದು ಕೂತರು. ಭವಿಷ್ಯನಿಧಿಯ ಹಣ ತೆಗೆಯುವುದಕ್ಕೆ ಕೇಂದ್ರ ಹಾಕಿದ್ದ ಹೊಸ ನಿರ್ಬಂಧ ಎರಡೇ ದಿನದಲ್ಲಿ ವಾಪಸಾಯಿತು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಕಾರ್ಖಾನೆ ಸುಮಾರು 1,200 ಜನರನ್ನು ಮನೆಗೆ ಕಳಿಸಿದಾಗ, ಸ್ವೀಡನ್ನಿನ ದೊಡ್ಡ ಬ್ರಾಂಡಿಗೆ ಹೊಲಿಯುತ್ತಿದ್ದ ಅವರು ಗೇಟಿನ ಮುಂದೆ ವಾರಗಟ್ಟಲೆ ಕೂತರು. ಮುಂದಿನ ವರ್ಷ ಒಪ್ಪಂದವಾಯಿತು.

ನಿಮ್ಮಲ್ಲಿ ಕೆಲವರು ಕೇಳಬಹುದು: ಹಾಗಾದರೆ ಬಡವರು ಅಗ್ಗದ ಬಟ್ಟೆ ಉಡಬಾರದೆ? ನ್ಯಾಯವಾದ ಪ್ರಶ್ನೆ. ಯುಗಾದಿಗೊಂದು, ದೀಪಾವಳಿಗೊಂದು ಎಂದು ವರ್ಷಕ್ಕೆರಡೇ ಸೀರೆ ಕಂಡ ತಾಯಂದಿರ ಮಕ್ಕಳು ನಾವು. ನಾಲ್ಕು ಜೊತೆ ಬಟ್ಟೆ ಇರುವುದು ತಪ್ಪೇ ಅಲ್ಲ. 299ರ ಕುರ್ತಿ ಕಾಲೇಜಿಗೆ ಹೋಗುವ ಹುಡುಗಿಗೆ ಕೊಡುವ ಧೈರ್ಯವನ್ನು ನಾನು ಹಗುರ ಮಾಡಲಾರೆ. ನನಗೆ ತಕರಾರಿರುವುದು ಮೂರು ಸೈಜು ತರಿಸಿ ಎರಡು ವಾಪಸ್ ಕಳಿಸುವ, ಎರಡು ಸಲ ತೊಟ್ಟು ಮೂಲೆಗೆಸೆಯುವ ನಮ್ಮಂಥ ಸಂಬಳದವರ ವಿಷಯದಲ್ಲಿ. ವಾಪಸ್ ಹೋದದ್ದಕ್ಕೂ ಲಾರಿ ಡೀಸೆಲ್ ಬೇಕು, ಹೊಸ ಪ್ಲಾಸ್ಟಿಕ್ ಕವರು ಬೇಕು. ಎಸೆದದ್ದು ಎಲ್ಲಿಗೆ ಹೋಗುತ್ತದೆ? ಮೊದಲು ಹಳೆ ಸೀರೆ ಕೌದಿಯಾಗುತ್ತಿತ್ತು, ತೊಟ್ಟಿಲಿಗೆ ಹಾಸಾಗುತ್ತಿತ್ತು, ಕೊನೆಗೆ ಮಸಿಬಟ್ಟೆ. ಪಾಲಿಯೆಸ್ಟರ್ ಮಸಿಬಟ್ಟೆಗೂ ಆಗದು, ನೀರನ್ನೇ ಹೀರುವುದಿಲ್ಲ!

ಪೆಡನಕ್ಕೆ ಮರಳಿ ಬರೋಣ. ಅಲ್ಲಿನವರಿಗೆ ಈಗ ಎದುರಾಳಿ ಮ್ಯಾಂಚೆಸ್ಟರ್ ಅಲ್ಲ. ಅವರ ಅಚ್ಚಿನ ಬಳ್ಳಿ, ನವಿಲು, ರಥಗಳನ್ನೇ ಎತ್ತಿಕೊಂಡು ಗಿರಣಿಯಲ್ಲಿ ಪಾಲಿಯೆಸ್ಟರ್ ಮೇಲೆ ಮುದ್ರಿಸಿ 'ಕಲಂಕಾರಿ' ಎಂದು ಆ್ಯಪಿಗೆ ಹಾಕುವವರು. ಊರೊಳಗೇ ಕೆಲವರು ಸ್ಕ್ರೀನ್ ಪ್ರಿಂಟಿಗೆ, ರಾಸಾಯನಿಕ ಬಣ್ಣಕ್ಕೆ ತಿರುಗಿದ್ದಾರೆ. ಹೊಟ್ಟೆಪಾಡು, ಬೈಯುವುದು ಹೇಗೆ? ಮರದ ಅಚ್ಚು ಕೆತ್ತುವವರು, ಕಾಲುವೆಯ ನೀರಿನಲ್ಲಿ ನಿಂತು ಬಟ್ಟೆ ಜಾಲಿಸುವವರು ಇನ್ನೂ ಇದ್ದಾರೆ.

ಒನ್ ಟೌನಿನ ವಸ್ತ್ರಲತಕ್ಕೆ ಹೋದಾಗ ಅಥವಾ ಪಾರ್ಸಲ್ ಬಿಚ್ಚಿದಾಗ ನೀವೇ ಪರೀಕ್ಷಿಸಬಹುದು. ಬಟ್ಟೆಯನ್ನು ತಿರುಗಿಸಿ ಹಿಂಬದಿ ನೋಡಿ. ಕೈ ಅಚ್ಚಿನದರಲ್ಲಿ ಬಣ್ಣ ದಾರದೊಳಗೆ ಇಳಿದು ಹಿಂದೆಯೂ ಕಾಣುತ್ತದೆ, ಗಿರಣಿಯದಾದರೆ ಸಾಮಾನ್ಯವಾಗಿ ಹಿಂಬದಿ ಬಿಳಚಿಕೊಂಡಿರುತ್ತದೆ. ಒಂದು ಅಚ್ಚು ಮುಗಿದು ಇನ್ನೊಂದು ಕೂಡುವ ಕಡೆ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರಬೇಕು. ಎಲ್ಲಾ ಹೂವೂ ಒಂದೇ ತದ್ರೂಪಾಗಿದ್ದರೆ ಸಂಶಯಪಡಿ. ಅಂಚಿನ ಒಂದು ದಾರ ಎಳೆದು ಸುಟ್ಟು ನೋಡಿ: ಹತ್ತಿಯಾದರೆ ಕಾಗದದ ವಾಸನೆ ಬಂದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಆದರೆ ಕರಗಿ ಗುಂಡಾಗುತ್ತದೆ. ಪೆಡನಕ್ಕೇ ಹೋಗುವುದಾದರೆ ಗುಡಿವಾಡದಿಂದ ಮಚಲಿಪಟ್ಟಣಕ್ಕೆ ಹೋಗುವ ರೈಲು ಹಿಡಿಯಿರಿ, ದಾರಿಯಲ್ಲೇ ಸ್ಟೇಷನ್ ಇದೆ. ಮಳೆಗಾಲ ಬೇಡ. ಬಿಸಿಲು ಬೀಳದಿದ್ದರೆ ಅಲ್ಲಿ ಬಟ್ಟೆ ಒಣಗುವುದಿಲ್ಲ, ಕೆಲಸವೂ ನಡೆಯುವುದಿಲ್ಲ.