ನಂದಿದುರ್ಗ: ಕೋಟೆಯಿಂದ ವಿಹಾರಸ್ಥಾನಕ್ಕೆ

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಗಿರಿದುರ್ಗಗಳಿಗೆ ಕೊರತೆಯಿಲ್ಲ. ಕಳವಾರದ ಬಳಿಯ ಸ್ಕಂದಗಿರಿಯಿದೆ. ಚಿಂತಾಮಣಿಯ ಕಡೆಗೆ ಅಂಬಾಜಿದುರ್ಗವಿದೆ. ಆದರೆ 4,851 ಅಡಿ ಎತ್ತರದ ನಂದಿದುರ್ಗಕ್ಕೆ ದೊರೆತಿರುವ ಜನಾದರವು ಇವಾವುದಕ್ಕೂ ದೊರೆತಿಲ್ಲ. ಭಾನುವಾರಗಳಲ್ಲಿ ಅರುಣೋದಯಕ್ಕೆ ಮುಂಚೆಯೇ ಬೆಂಗಳೂರಿನ ವಾಹನಗಳು ತಪ್ಪಲಿನಲ್ಲಿ ಸಾಲುಗಟ್ಟಿ ನಿಲ್ಲುವುವು. ಮಂಜಿನ ನಡುವೆ ಸೂರ್ಯನನ್ನು ಕಾಣಬೇಕೆಂಬುದೇ ಎಲ್ಲರ ಆಸೆ.

ಬೆಟ್ಟದ ಬುಡದ ನಂದಿಗ್ರಾಮದಲ್ಲಿ ಭೋಗನಂದೀಶ್ವರನೂ ಶಿಖರದಲ್ಲಿ ಯೋಗನಂದೀಶ್ವರನೂ ನೆಲಸಿರುವರು. ಕೆಳಗಣ ದೇಗುಲದ ಮೂಲವು ಒಂಬತ್ತನೆಯ ಶತಮಾನದಷ್ಟು ಹಿಂದಿನದು. ಭೋಗವು ಕೆಳಗೆ, ಯೋಗವು ಮೇಲೆ ಎಂಬ ಈ ಕ್ರಮವನ್ನು ಇಂದಿನ ವಿಹಾರಿಗಳು ತಿರುವುಮುರುವು ಮಾಡಿರುವರೆಂದರೆ ತಪ್ಪಾಗಲಾರದು.

ಇಂದು ಕಣ್ಣಿಗೆ ಹಬ್ಬವಾಗಿರುವ ಕಡಿದಾದ ಬಂಡೆಗಳೇ ಒಂದು ಕಾಲದಲ್ಲಿ ಈ ದುರ್ಗದ ಬಲವಾಗಿದ್ದುವು. ಪಾಳೆಯಗಾರರ ಕೋಟೆಯನ್ನು ಹೈದರನೂ ಟಿಪ್ಪುವೂ ಭದ್ರಪಡಿಸಿದರು. ಪಶ್ಚಿಮದ ಮಗ್ಗುಲೊಂದನ್ನುಳಿದು ಬೇರೆಡೆಯಿಂದ ಹತ್ತುವುದು ಅಸಾಧ್ಯವೆನಿಸಿತ್ತು. 1791ರಲ್ಲಿ ಕಾರ್ನ್‌ವಾಲೀಸನ ಸೇನೆಯು ಆ ಮಗ್ಗುಲಿನಲ್ಲಿಯೇ ಫಿರಂಗಿಗಳನ್ನು ಬಹು ಕಷ್ಟದಿಂದ ಮೇಲಕ್ಕೆಳೆದು, ಸುಮಾರು ಮೂರು ವಾರ ಮುತ್ತಿಗೆ ಹಾಕಿ ಗೋಡೆಗಳನ್ನು ಒಡೆಯಿತು. ಅಕ್ಟೋಬರ್ 19ರಂದು, ಇನ್ನೂ ಕತ್ತಲಿರುವಾಗಲೇ, ಜನರಲ್ ಮೆಡೋಸನ ಮುಂದಾಳುತನದಲ್ಲಿ ಲಗ್ಗೆ ನಡೆದು ದುರ್ಗವು ಬಿದ್ದಿತು. ಅಪರಾಧಿಗಳನ್ನು ತಳ್ಳುತ್ತಿದ್ದರೆಂದು ಜನರು ಹೇಳುವ ಟಿಪ್ಪುವಿನ ಪ್ರಪಾತದ ಅಂಚಿನಲ್ಲಿ ಈಗ ಹುಡುಗರು ಛಾಯಾಚಿತ್ರ ತೆಗೆಸಿಕೊಳ್ಳುತ್ತಾರೆ.

ಶತ್ರುಭಯವು ಹೋದ ಮೇಲೆ ತಂಗಾಳಿಗೆ ಬೆಲೆ ಬಂದಿತು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ಬೇಸಗೆಯನ್ನು ಇಲ್ಲಿ ಕಳೆಯುತ್ತಿದ್ದರು. 1927ರಲ್ಲಿ ಅಸ್ವಸ್ಥರಾದ ಗಾಂಧೀಜಿಯವರು ಇಲ್ಲಿಯೇ ವಿಶ್ರಾಂತಿ ಪಡೆದರು. ತೋಟಗಾರಿಕೆಯ ಇಲಾಖೆಯವರ ಆರೈಕೆಯಲ್ಲಿ ಉದ್ಯಾನವೂ ಬೆಳೆಯಿತು.

ವಿಹಾರಿಗಳು ಮೆಚ್ಚುವ ಆ ಮಂಜು ನೀರೇ ಅಲ್ಲವೆ? ಅರ್ಕಾವತಿ, ಉತ್ತರಪಿನಾಕಿನಿ, ದಕ್ಷಿಣಪಿನಾಕಿನಿಗಳು ಹುಟ್ಟುವುದು ಈ ಗಿರಿಶ್ರೇಣಿಯಲ್ಲಿಯೇ. ಅರ್ಕಾವತಿಗೆ ಹೆಸರಘಟ್ಟದಲ್ಲಿಯೂ, 1933ರಲ್ಲಿ ತಿಪ್ಪಗೊಂಡನಹಳ್ಳಿಯಲ್ಲಿಯೂ ಕಟ್ಟೆ ಕಟ್ಟಿ ಬೆಂಗಳೂರಿಗೆ ಕುಡಿಯುವ ನೀರೊದಗಿಸಲಾಯಿತು. ಈಗ ಗೌರಿಬಿದನೂರಿನ ಪಿನಾಕಿನಿಯಲ್ಲಿ ವರ್ಷದ ಬಹುಪಾಲು ಕಾಣುವುದು ಬರಿಯ ಪಾತ್ರ. ಶಿಡ್ಲಘಟ್ಟದ ಹಿಪ್ಪುನೇರಳೆಯ ತೋಟಗಳು ಆಳದ ಕೊಳವೆಬಾವಿಗಳನ್ನು ನಂಬಿವೆ. ಬೆಂಗಳೂರು ಬಳಸಿ ಬಿಟ್ಟ ನೀರನ್ನು ಶೋಧಿಸಿ, ಹೆಬ್ಬಾಳ ನಾಗವಾರ ಕಣಿವೆಯಿಂದ ಕೊಳವೆಗಳ ಮೂಲಕ ತಂದು, ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ತುಂಬಿಸಲಾಗುತ್ತಿದೆ.