ಶ್ವಾಸಕೋಶದ ಸುತ್ತ ಕೀವು: ಚಿಕಿತ್ಸೆ ಏನೇನು, ಖರ್ಚು ಎಷ್ಟು?

ನ್ಯುಮೋನಿಯಾ ಬಂದಾಗ ಕೆಲವರಿಗೆ ಶ್ವಾಸಕೋಶ ಮತ್ತು ಎದೆಗೂಡಿನ ನಡುವೆ ನೀರು ತುಂಬಿಕೊಳ್ಳುತ್ತೆ. ಆ ನೀರಿಗೆ ಸೋಂಕು ತಗುಲಿ ಕೀವಾದರೆ ಅದೇ ಎಂಪೈಮಾ. ಜಪಾನಿ ಭಾಷೆಯಲ್ಲಿ 'ನೋಕ್ಯೋ'. ಮಾತ್ರೆ ತಗೊಂಡರೂ ಜ್ವರ ಇಳಿಯದೆ, ಉಸಿರೆಳೆದಾಗ ಎದೆಯ ಒಂದು ಕಡೆ ಚುಚ್ಚಿದ ಹಾಗೆ ನೋವಾಗಿ, ಏದುಸಿರು ಬರುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಿ. ರಜೆ, ದುಡ್ಡು ಅಂತ ಮುಂದೂಡಬೇಡಿ.

ಎಕ್ಸ್‌ರೇ, ಅಲ್ಟ್ರಾಸೌಂಡ್ ಆದಮೇಲೆ ಸೂಜಿಯಿಂದ ನೀರು ತೆಗೆದು ಪರೀಕ್ಷಿಸುತ್ತಾರೆ. ಕೀವು ಕಂಡರೆ, ಬ್ಯಾಕ್ಟೀರಿಯಾ ಸಿಕ್ಕರೆ ಅಥವಾ ನೀರಿನ ಪಿಎಚ್ 7.2ಕ್ಕಿಂತ ಕಡಿಮೆ ಇದ್ದರೆ ಅದನ್ನು ಹೊರಗೆ ತೆಗೆಯಲೇಬೇಕು.

ಚಿಕಿತ್ಸೆಯ ಹಂತಗಳು

1. ಆಂಟಿಬಯೋಟಿಕ್: ಮೊದಲು ರಕ್ತನಾಳದ ಮೂಲಕ, ಆಮೇಲೆ ಮಾತ್ರೆ. ಒಟ್ಟು ಸಾಮಾನ್ಯವಾಗಿ 2ರಿಂದ 6 ವಾರ. ಕೀವಿದ್ದರೆ ಇದೊಂದೇ ಸಾಲದು.

2. ನಳಿಕೆ: ಜಾಗ ಮರಗಟ್ಟಿಸಿ, ಪಕ್ಕೆಲುಬುಗಳ ನಡುವೆ ನಳಿಕೆ ಹಾಕಿ ಕೀವು ಹರಿಸುತ್ತಾರೆ.

3. ನಳಿಕೆಯೊಳಗೆ ಔಷಧ: ಕೀವು ಗಟ್ಟಿಯಾಗಿ ಗೂಡುಗೂಡಾಗಿದ್ದರೆ ಕರಗಿಸಲು. ಟಿಪಿಎ ಮತ್ತು ಡಿಎನ್‌ಏಸ್ ಜೊತೆಯಾಗಿ ಕೊಟ್ಟರೆ ಸರ್ಜರಿಯ ಅಗತ್ಯ ಕಡಿಮೆಯಾಗುತ್ತೆ ಅಂತ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಮಿಸ್ಟ್-2 ಅಧ್ಯಯನ ತೋರಿಸಿತು. ರಕ್ತಸ್ರಾವದ ಅಪಾಯ ಇರೋದರಿಂದ, ರಕ್ತ ತೆಳುವಾಗಿಸೋ ಮಾತ್ರೆ ತಗೋತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ.

4. ಸರ್ಜರಿ: ಇಷ್ಟಕ್ಕೂ ಬಗ್ಗದಿದ್ದರೆ ಸಣ್ಣ ರಂಧ್ರದ ಕ್ಯಾಮೆರಾ ಸರ್ಜರಿ. ತಡವಾಗಿ ಶ್ವಾಸಕೋಶದ ಮೇಲೆ ದಪ್ಪ ಪೊರೆ ಕಟ್ಟಿದ್ದರೆ ಅದನ್ನು ಸುಲಿದು ತೆಗೆಯುವ ದೊಡ್ಡ ಸರ್ಜರಿ ಬೇಕಾಗಬಹುದು.

ಕಾರಣ ಟಿಬಿ ಆಗಿದ್ದರೆ ಔಷಧವೇ ಬೇರೆ, ಕನಿಷ್ಠ 6 ತಿಂಗಳು. ಹಾಗಾಗಿ ಟಿಬಿ ಪರೀಕ್ಷೆ ಆಗಿದೆಯಾ ಅಂತ ಕೇಳಿ.

ಖರ್ಚಿನ ಲೆಕ್ಕ

ಟೋಕಿಯೋದ ಎಡೋಗಾವಾದಲ್ಲಿ, ಅದರಲ್ಲೂ ನಿಶಿ-ಕಸಾಯ್ ಸುತ್ತ, ಭಾರತೀಯ ಕುಟುಂಬಗಳು ಬಹಳ. ಜಪಾನಿನಲ್ಲಿ 3 ತಿಂಗಳಿಗಿಂತ ಹೆಚ್ಚು ನೆಲೆಸುವವರಿಗೆ ಆರೋಗ್ಯ ವಿಮೆ ಕಡ್ಡಾಯ. ದುಡಿಯುವ ವಯಸ್ಸಿನವರು ಕೊಡಬೇಕಾದದ್ದು ಬಿಲ್ಲಿನ ಶೇ. 30. ಅದಕ್ಕೂ ತಿಂಗಳ ಮಿತಿ ಉಂಟು. ಉದಾಹರಣೆಗೆ ಬಿಲ್ 10 ಲಕ್ಷ ಯೆನ್ ಆದರೆ ಶೇ. 30 ಅಂದರೆ 3 ಲಕ್ಷ. ಆದರೆ 2025ರ ಲೆಕ್ಕದಂತೆ, ಮಧ್ಯಮ ಸಂಬಳದವರ ಪಾಲು 87,430 ಯೆನ್‌ಗೆ ನಿಲ್ಲುತ್ತೆ. ಊಟ, ವಿಶೇಷ ಕೋಣೆಯ ಬಾಡಿಗೆ ಇದರಲ್ಲಿ ಸೇರೋದಿಲ್ಲ.

ಗಲ್ಫಿನಲ್ಲಿರುವವರು ತಮ್ಮ ವಿಮಾ ಕಾರ್ಡಿಗೆ ಯಾವ ಆಸ್ಪತ್ರೆ ಸೇರಿದೆ, ಒಳರೋಗಿ ಚಿಕಿತ್ಸೆಗೆ ಮಿತಿ ಎಷ್ಟು ಅಂತ ಆರೋಗ್ಯವಾಗಿರುವಾಗಲೇ ನೋಡಿಟ್ಟುಕೊಳ್ಳಿ. ಊರಿಗೆ ಹೋಗಿ ಚಿಕಿತ್ಸೆ ಪಡೀತೀನಿ ಅನ್ನುವವರು ಡಾಕ್ಟರ ಒಪ್ಪಿಗೆ ಇಲ್ಲದೆ ವಿಮಾನ ಹತ್ತಬೇಡಿ. ಡಿಸ್ಚಾರ್ಜ್ ಪತ್ರ, ಸ್ಕ್ಯಾನ್ ಸಿಡಿ, ಕೀವಿನ ಕಲ್ಚರ್ ವರದಿ ಕೈಯಲ್ಲಿರಲಿ.

ಮೊದಲ ವಾರದ ನಳಿಕೆಯಿಂದ ಮುಗಿಯಬಹುದಾದದ್ದು ತಿಂಗಳು ತಡವಾದರೆ ಆಪರೇಷನ್ ಟೇಬಲ್ಲಿಗೆ ಹೋಗಬಹುದು. ದೇಹಕ್ಕೂ ಜೇಬಿಗೂ ಬೇಗ ತೋರಿಸೋದೇ ಲಾಭ.