ಸರಪಳಿಗೊಂದು ತೊಟ್ಟು ಎಣ್ಣೆ

ಸೈಕಲ್ಲಿನ ಸರಪಳಿಗೆ ಎಣ್ಣೆ ಬಿಡುವುದಕ್ಕೂ ಒಂದು ಚರಿತ್ರೆಯೇ ಎಂದು ನೀವು ನಗಬಹುದು. ಇದೆ.

1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ನೆಲಸಿದ್ದ ಸ್ವಿಸ್ ಮೂಲದ ಹಾನ್ಸ್ ರೆನಾಲ್ಡ್ ಎಂಬಾತ ಉರುಳೆಗಳುಳ್ಳ ಸರಪಳಿಯನ್ನು ರೂಪಿಸಿದ. 1885ರ ರೋವರ್ ಸೈಕಲ್ಲಿನ ತರುವಾಯ ಹಿಂದಿನ ಚಕ್ರವನ್ನು ಸರಪಳಿಯಿಂದ ತಿರುಗಿಸುವುದೇ ವಾಡಿಕೆಯಾಯಿತು. ಅದರ ಸಂಕಟವೂ ಜೊತೆಗೇ ಬಂದಿತು. ಸರಪಳಿ ನಿಜವಾಗಿ ಸವೆಯುವುದು ಕಣ್ಣಿಗೆ ಕಾಣದ ಎಡೆಯಲ್ಲಿ, ಕೊಂಡಿಯೊಳಗಿನ ಮೊಳೆಗೂ ಅದನ್ನು ಸುತ್ತಿದ ಕೊಳವೆಗೂ ನಡುವೆ. ಎಣ್ಣೆ ಬೇಕಾದುದು ಅಲ್ಲಿ. ಹೊರಮೈಯಲ್ಲಿ ಉಳಿದ ಎಣ್ಣೆಯಾದರೋ ರಸ್ತೆಯ ಧೂಳನ್ನು ಬರಮಾಡಿಕೊಂಡು, ಲೋಹವನ್ನೇ ಅರೆಯುವ ಕೆಸರಾಗುತ್ತದೆ.

ಶ್ರದ್ಧಾವಂತರು ಸರಪಳಿಯನ್ನು ಕಳಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರಾಫೈಟ್ ಬೆರೆಸಿ ಕರಗಿಸಿದ ಪಶುಕೊಬ್ಬಿನಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೊಡಿಸುತ್ತಿದ್ದರು. ಅಡುಗೆಮನೆಯ ಪಾತ್ರೆಯ ಗತಿ ಏನಾಯಿತೆಂಬುದನ್ನು ಮನೆಯಾಕೆಯೇ ಹೇಳಬೇಕು. ಇಂದಿನ ಪಂದ್ಯದ ಸವಾರರು ಕರಗಿದ ಮೇಣದಲ್ಲಿ ಸರಪಳಿಯನ್ನು ಅದ್ದುವುದೂ ಇದೇ ವಂಶದ್ದು.

1887ರಲ್ಲಿ ಸೈಕಲ್ ತಯಾರಿಕೆಗಿಳಿದ ವುಲ್ವರ್‌ಹ್ಯಾಂಪ್ಟನ್ನಿನ ಜಾನ್ ಮಾರ್ಸ್ಟನ್ ತನ್ನ ಸನ್‌ಬೀಮ್ ಗಾಡಿಗಳಿಗೆ ಬೇರೆ ದಾರಿ ಹಿಡಿದ: ಸರಪಳಿಯನ್ನು ಪೂರ್ತಿ ಮುಚ್ಚುವ ಪೆಟ್ಟಿಗೆ, ಅದರ ತಳದಲ್ಲಿ ಎಣ್ಣೆಯ ಪುಟ್ಟ ತೊಟ್ಟಿ. ತಯಾರಕನಿಗೆ ಜಟಿಲ, ಸವಾರನಿಗೆ ಸರಳ. ನ್ಯಾಯವಾದ ಹಂಚಿಕೆಯೆಂದೇ ನನಗೆ ತೋರುತ್ತದೆ. ಆದರೆ ಪೆಟ್ಟಿಗೆಗೆ ತೂಕವಿತ್ತು, ಬೆಲೆಯಿತ್ತು. ಹಿಂದಿನ ಚಕ್ರವನ್ನು ಬಿಚ್ಚುವುದು ತೊಡಕಾಗುತ್ತಿತ್ತು. ಮುಂದೆ ಸರಪಳಿಯನ್ನೇ ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ಗೇರುಗಳು ಬಂದಾಗ ಅಂಥ ಪೆಟ್ಟಿಗೆಗೆ ಎಡೆಯೇ ಉಳಿಯಲಿಲ್ಲ.

ಹೀಗೆ ಬಹುಜನರ ಪಾಲಿಗೆ ಉಳಿದದ್ದು ಎಣ್ಣೆಡಬ್ಬಿ: ಕೊಂಡಿಗೊಂದು ತೊಟ್ಟು ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ, ಹಳೆಯ ಬಟ್ಟೆಯಿಂದ ಹೊರಮೈಯನ್ನು ಒರೆಸುವುದು. ಈ ಒರೆಸುವ ಕೆಲಸವನ್ನೇ ನಮ್ಮಲ್ಲಿ ಹೆಚ್ಚಿನವರು ಮರೆಯುತ್ತಾರೆ. ಅವರ ಪಂಚೆಯ ಅಂಚು ಅದಕ್ಕೆ ಸಾಕ್ಷಿ.